ಮುಚ್ಚಲು ತೆರೆದಿಟ್ಟ ಅಂಗಡಿ

ಮೆಡಿಕಲ್ ಅಕ್ಕ ತೀರಿಕೊಂಡ ಸುದ್ದಿಯನ್ನು ನನಗೆ ತಂದವಳು ಶಿರಾದ ಒಬ್ಬ ಹೆಂಗಸು. ಕನ್ನಡಕದ ಕಡ್ಡಿ ಮುರಿದುಕೊಂಡು ನನ್ನ ಅಂಗಡಿಗೆ ಬಂದಿದ್ದಳು. ನಾನು ಸಣ್ಣ ಸ್ಕ್ರೂ ತಿರುಗಿಸುತ್ತಾ ಕೂತಿದ್ದೆ. "ನಿಮ್ ಪಕ್ಕದಲ್ಲಿ ಒಬ್ರು ಮಾತ್ರೆ ಅಂಗಡಿ ಇಟ್ಕೊಂಡಿದ್ರಲ್ಲ, ಬಾಯಿ ಜೋರು, ಅವ್ರು ನಮ್ ಬೀದೀಲೇ ತಂಗಿ ಮನೇಲಿದ್ರು. ಹೋದ ಸೋಮವಾರ ಹೋಗ್ಬುಟ್ರು" ಅಂದಳು. ಅವಳಿಗೆ ಹೆಸರು ಗೊತ್ತಿರಲಿಲ್ಲ. ಬಾಯಿ ಜೋರು ಅನ್ನುವ ಗುರುತೇ ಸಾಕಾಯಿತು. ಕೈಲಿದ್ದ ಸ್ಕ್ರೂ ಎಲ್ಲೋ ಬಿತ್ತು. ಆಮೇಲೆ ಎಷ್ಟು ಹುಡುಕಿದರೂ ಸಿಗಲಿಲ್ಲ.

ಮಧುಗಿರಿಯ ಬಸ್‌ಸ್ಟ್ಯಾಂಡ್ ಕಡೆಯಿಂದ ಬೆಟ್ಟದ ದಿಕ್ಕಿಗೆ ಹೋಗುವ ರಸ್ತೆಯಲ್ಲಿ ನನ್ನ ಕನ್ನಡಕದ ಅಂಗಡಿಗೂ ಅಕ್ಕನ ಔಷಧದ ಅಂಗಡಿಗೂ ನಡುವೆ ಇದ್ದದ್ದು ಒಂದೇ ಒಂದು ತೆಳು ಗೋಡೆ. ಅವರು ಗಿರಾಕಿಗಳಿಗೆ ಬೈಯುವುದೆಲ್ಲ ನನಗೆ ಕೇಳುತ್ತಿತ್ತು, ನಾನು ಗಿರಾಕಿಗಳಿಗೆ ಹೇಳುವ ಸುಳ್ಳೆಲ್ಲ ಅವರಿಗೆ ಕೇಳುತ್ತಿತ್ತು. ನಾನು ಯಾರಿಗಾದರೂ "ಈ ಫ್ರೇಮು ನಿಮಗೆ ಭಾರಿ ಒಪ್ಪುತ್ತೆ" ಅಂದರೆ ಗೋಡೆಯ ಆ ಕಡೆಯಿಂದ ಒಂದು ಕೆಮ್ಮು ಬರುತ್ತಿತ್ತು. ಅಕ್ಕನ ಕನ್ನಡಕವೋ, ಒಂದು ಕಡ್ಡಿ ಹೋಗಿ ದಾರ ಕಟ್ಟಿಕೊಂಡದ್ದು. ಹೊಸದು ಮಾಡಿಕೊಡುತ್ತೇನೆ ಎಂದು ನಾನು ಗೋಗರೆದರೂ ಒಪ್ಪುತ್ತಿರಲಿಲ್ಲ. "ಪಕ್ಕದೋನ ಹತ್ರ ತಗೊಂಡ್ರೆ ಚೌಕಾಸಿ ಮಾಡಂಗಿಲ್ಲ, ಜಗಳ ಆಡಂಗಿಲ್ಲ. ಏನ್ ಸುಖ?" ಅನ್ನುತ್ತಿದ್ದರು.

ಔಷಧದ ಅಂಗಡಿಯವರು ಔಷಧ ಮಾರಬೇಕು ತಾನೆ? ಅಕ್ಕ ಕೇಳಿದವರಿಗೆಲ್ಲ ಕೊಡುತ್ತಿರಲಿಲ್ಲ. ಒಮ್ಮೆ ತಿರುಮಣಿ ಕಡೆಯಿಂದ ಒಬ್ಬ ಬಂದಿದ್ದ. ಜಮೀನನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟು ಕೈ ಕಟ್ಟಿ ಕೂತವನು. "ಏಮಕ್ಕಾ, ನಿದ್ದೆ ರಾಲೇದು. ಒಂದು ಮಾತ್ರೆ ಇವ್ವು" ಅಂತ ತೆಲುಗು ಬೆರೆಸಿ ಕೇಳಿದ, ನಿದ್ದೆ ಬರ್ತಿಲ್ಲ, ಮಾತ್ರೆ ಕೊಡು ಅಂತ.

"ಚೀಟಿ ಐತಾ?"

"ಲೇದಕ್ಕಾ."

"ಹಗಲೆಲ್ಲ ಏನ್ ಮಾಡ್ತೀಯ?"

"ಏನ್ ಮಾಡೋದಕ್ಕಾ, ಬಿಸ್ಲು ದುಡೀತೈತೆ, ನಾನು ಕೂತಿರ್ತೀನಿ."

"ಅಂಗಾದ್ರೆ ಬಸ್ಸಲ್ಲಿ ಪಾವಗಡದಲ್ಲೇ ಇಳ್ಕೊ. ಅಲ್ಲಿಂದ ಊರಿಗೆ ನಡ್ಕೊಂಡು ಹೋಗು. ನಿದ್ದೆ ಬರ್ಲಿಲ್ಲ ಅಂದ್ರೆ ನನ್ ಹೆಸರು ಬದಲಾಯಿಸ್ಕೊತೀನಿ."

ಆ ಮನುಷ್ಯ ನಿಜವಾಗಿಯೂ ನಡೆದ. ಕೆಲವು ದಿನ ಕಳೆದು ಕುಂಟುತ್ತಾ ಬಂದ. ನಿದ್ದೆಯೇನೋ ಬರುತ್ತಿದೆ, ಮೀನಖಂಡ ಮಾತ್ರ ಸಿಡಿದು ಹೋಗುತ್ತಿದೆ ಎಂದ. ಅಕ್ಕ ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಅವನಿಗೆ ನೋವಿನ ಮುಲಾಮು ಕೊಟ್ಟರು. ಅವನು ಹೋದ ಮೇಲೆ, ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಬಗ್ಗಿ, "ಕಲ್ತ್ಕೋ. ವ್ಯಾಪಾರ ಅಂದ್ರೆ ಇಂಗೆ ಮಾಡ್ಬೇಕು" ಅಂದರು.

ಅಷ್ಟು ವರ್ಷ ನಿಂತು ನಿಂತು ಅಕ್ಕನ ಕಾಲಿನ ನರಗಳು ಹಗ್ಗದಂತೆ ಗಂಟುಕಟ್ಟಿದ್ದವು. ಒಂದು ದಿನ ಸ್ಟೂಲಿನ ಮೇಲೆ ಕೂತು ಪಾದ ನೋಡಿಕೊಂಡವರು, "ಸಾಕು ಕಣಪ್ಪ. ಮುಚ್ಚಿಬುಡ್ತೀನಿ" ಅಂದರು. ನಾನು ಅವರಿಗಿಂತ ಹೆಚ್ಚು ಗಾಬರಿಯಾದೆ. "ನಾಳೆ ಶಟರ್ ಎಳೆದು ಬೀಗ ಹಾಕಿದ್ರೆ ಆಯ್ತು" ಅಂತ ಅವರು ಅಂದುಕೊಂಡಿದ್ದರು, ನಾನೂ ಹಾಗೆಯೇ ಅಂದುಕೊಂಡಿದ್ದೆ. ನನ್ನ ಎದುರುಗಡೆಯ ಬೇಕರಿ ಹಾಗೆಯೇ ಮುಚ್ಚಿತ್ತು. ಔಷಧದ ಅಂಗಡಿಯನ್ನು ತೆರೆಯುವುದಕ್ಕಿಂತ ಮುಚ್ಚುವುದು ಕಷ್ಟ ಅನ್ನುವುದು ನಮಗಿಬ್ಬರಿಗೂ ಆಮೇಲೆ ತಿಳಿಯಿತು.

ಅಕ್ಕ ಔಷಧದ ಕಚೇರಿಯ ಇನ್‌ಸ್ಪೆಕ್ಟರಿಗೆ ಫೋನು ಮಾಡಿದರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ, ಒಳ್ಳೆಯವನು, ನಿಯಮಕ್ಕೆ ಹೆದರುವವನು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿತು. ಲೈಸೆನ್ಸ್ ಒಪ್ಪಿಸಲು ಅರ್ಜಿ ಕೊಡಬೇಕು, ಉಳಿದ ಔಷಧವನ್ನೆಲ್ಲ ಪಟ್ಟಿ ಮಾಡಿ ಡಬ್ಬಿಗೆ ಹಾಕಿಡಬೇಕು, ಅವಧಿ ಮುಗಿದದ್ದನ್ನು ಸುಡುವವರಿಗೆ ಕೊಟ್ಟು ಚೀಟಿ ತರಬೇಕು, ತಾನು ಬಂದು ಪಟ್ಟಿಗೂ ಡಬ್ಬಿಗೂ ತಾಳೆ ನೋಡಿದ ಮೇಲೆ ಹೋಲ್‌ಸೇಲಿನವರಿಗೆ ವಾಪಸು ಕಳಿಸಬೇಕು, ಅಲ್ಲಿಯತನಕ ಒಂದು ಮಾತ್ರೆಯನ್ನೂ ಮಾರಬಾರದು ಎಂದ.

"ಆಯ್ತು ಸಾರ್. ಬೀಗ ಹಾಕಿರ್ತೀನಿ, ನೀವು ಬಂದ ದಿನ ತೆಗೀತೀನಿ."

"ಇಲ್ಲ ಮೇಡಂ, ನಾನು ಯಾವತ್ತು ಬರ್ತೀನೋ ಹೇಳೋಕಾಗಲ್ಲ. ಹೇಳಿ ಬಂದ್ರೆ ಅದು ತಪಾಸಣೆ ಅನ್ನಿಸ್ಕೊಳ್ಳಲ್ಲ. ಅಂಗಡಿ ತೆರೆದಿರಬೇಕು, ಫಾರ್ಮಸಿಸ್ಟ್ ಹಾಜರಿರಬೇಕು."

"ಮುಚ್ಚೋ ಅಂಗಡೀನ ತೆರ್ಕೊಂಡು ಕೂತಿರ್ಬೇಕಾ?"

"ತೆರೆದಿಲ್ದೆ ಇದ್ರೆ ಮುಚ್ಚಿದೀರಾ ಅಂತ ನಾನು ಹೇಗೆ ನೋಡ್ಲಿ ಮೇಡಂ?"

ಅಕ್ಕ ಫೋನು ಇಟ್ಟು, ಅರ್ಜಿಗೆ ಬಿಳಿ ಹಾಳೆ ಹುಡುಕತೊಡಗಿದರು.

ಇದಲ್ಲದೆ ಇನ್ನೊಂದು ತೊಡಕು. ಕೆಲಸ ಬಿಡುವ ಫಾರ್ಮಸಿಸ್ಟು ಮಾಲೀಕರಿಗೆ ರಾಜೀನಾಮೆ ಕೊಡಬೇಕು, ಮಾಲೀಕರು ಅದನ್ನು ಒಪ್ಪಿಕೊಂಡ ಪತ್ರ ಲಗತ್ತಿಸಬೇಕು. ಇಲ್ಲಿ ಮಾಲೀಕರೂ ಅಕ್ಕ, ಫಾರ್ಮಸಿಸ್ಟೂ ಅಕ್ಕ. ಕೈಬರಹ ಚೆನ್ನಾಗಿದೆ ಎಂದು ನನ್ನನ್ನು ಕೂರಿಸಿಕೊಂಡರು. ಮೊದಲು ಗೋಡೆಯ ಬದಿಗಿದ್ದ ಸ್ಟೂಲಿನ ಮೇಲೆ ಕೂತು ರಾಜೀನಾಮೆ ಹೇಳಿ ಬರೆಸಿದರು. ಆಮೇಲೆ ಎದ್ದು ಹೋಗಿ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯಲ್ಲಿ ಕೂತರು.

"ನಿಮ್ಮ ರಾಜೀನಾಮೆಯನ್ನು ಒಪ್ಪಿಕೊಳ್ಳಲಾಗಿದೆ ಅಂತ ಬರಿ."

ಬರೆದೆ.

"ನಿಮ್ಮ ಸೇವೆ ತೃಪ್ತಿಕರವಾಗಿತ್ತು ಅಂತ ಸೇರ್ಸು."

"ಅದು ಬೇಕಾಗಿಲ್ಲ ಅಕ್ಕ, ಅವರು ಕೇಳಿಲ್ಲ."

"ಅವ್ರು ಕೇಳ್ದಿದ್ರೆ ಕತ್ತೆ ಬಾಲ. ಈ ಕೆಲಸಕ್ಕೆ ಬಂದಾಗಿಂದ ಯಾರಾದ್ರೂ ನಂಗೆ ಅಂತದ್ದು ಬರ್ಕೊಟ್ಟವ್ರಾ? ಮಾಲೀಕಳು ನಾನು, ನಂಗೆ ಅನ್ಸೈತೆ, ಬರಿ."

ಬರೆದೆ. ಆ ಪತ್ರದ ಒಂದು ಜೆರಾಕ್ಸನ್ನು ಅವರು ಮಡಿಚಿ ಪರ್ಸಿನಲ್ಲಿ ಇಟ್ಟುಕೊಂಡರು.

ಅರ್ಜಿ ಹೋಯಿತು. ಔಷಧವೆಲ್ಲ ರಟ್ಟಿನ ಡಬ್ಬಿ ಸೇರಿತು. ಖಾಲಿ ಕಪಾಟುಗಳ ಎದುರು, "ಅಂಗಡಿ ಮುಚ್ಚಿದೆ" ಎಂದು ಬರೆದ ರಟ್ಟಿನ ಹಿಂದೆ, ಅಕ್ಕ ಬೆಳಿಗ್ಗೆ ಬಂದು ಶಟರ್ ಎತ್ತಿ ಸಂಜೆಯವರೆಗೆ ಕೂರತೊಡಗಿದರು. ಮಾರುವ ದಿನಗಳಲ್ಲಿ ಮದುವೆ ಮುಂಜಿ ಅಂತ ರಜೆ ಮಾಡಿದ್ದುಂಟು. ಈಗ ಇನ್‌ಸ್ಪೆಕ್ಟರ್ ಯಾವ ಗಳಿಗೆಯಲ್ಲಿ ಬರುತ್ತಾನೋ ಎಂದು ಊಟಕ್ಕೂ ಏಳುತ್ತಿರಲಿಲ್ಲ. ದಾರಿಹೋಕರು ನಿಂತು ರಟ್ಟು ಓದುತ್ತಿದ್ದರು, ಓದಿ ಒಳಗೆ ಬರುತ್ತಿದ್ದರು.

"ಇದೇನಕ್ಕ, ಮುಚ್ಚೈತೆ ಅಂತ ಹಾಕ್ಕೊಂಡು ಕೂತಿದೀಯ?"

"ಮುಚ್ಚಿರೋದ್ಕೇ ಕೂತಿರೋದು."

"ತೆರೆದಿದ್ರೆ?"

"ತೆರೆದಿದ್ರೆ ಎದ್ದು ಮನೆಗೆ ಹೋಗಿರ್ತಿದ್ದೆ."

ಜನ ಅವರಿಗೆ ಸ್ವಲ್ಪ ತಲೆ ಕೆಟ್ಟಿದೆ ಎಂದು ತೀರ್ಮಾನಿಸಿದರು. ಹಾಗಂತ ಬರುವುದನ್ನು ಬಿಡಲಿಲ್ಲ. ಮಾತ್ರೆ ಇಲ್ಲದಿದ್ದರೂ ಬೈಗುಳ ಸಿಗುತ್ತಿತ್ತಲ್ಲ. ಸಕ್ಕರೆ ಕಾಯಿಲೆಯ ಹೂವಿನಮ್ಮ ಬಂದು, "ಹೊಸ ಅಂಗಡಿಯೋನು ಏನೂ ಬಯ್ಯಲ್ಲ ಕಣಕ್ಕ, ಹಂಗಾಗಿ ನಾಲ್ಕು ದಿನದಿಂದ ಜಿಲೇಬಿ ತಿಂತಾ ಇದೀನಿ" ಎಂದು ದೂರಿದಳು. ಅಕ್ಕ ಅವಳಿಗೆ ಬಾಕಿಯೆಲ್ಲ ಸೇರಿಸಿ ಬೈದು ಕಳಿಸಿದರು.

ಹೀಗಿರುವಾಗ ಒಂದು ಮಧ್ಯಾಹ್ನ ಮಿಡಿಗೇಶಿಯ ಆಚೆಯ ಹಳ್ಳಿಯಿಂದ ಕುರಿ ಮೇಯಿಸುವ ಯಜಮಾನರೊಬ್ಬರು ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಡಾಕ್ಟರ ಚೀಟಿ. ಅವರ ಮಗಳಿಗೆ ಫಿಟ್ಸ್. ಮದುವೆ ವಯಸ್ಸಿನ ಹುಡುಗಿ. ವರ್ಷಗಳಿಂದ ಅದೇ ಮಾತ್ರೆ, ಅದೇ ಅಂಗಡಿ. ಅವರು ರಟ್ಟು ಓದಲಿಲ್ಲ, ಅವರಿಗೆ ಓದು ಬರುತ್ತಿರಲಿಲ್ಲ.

"ಕೊಡು ತಾಯಿ, ಬಸ್ಸಿಗೆ ಹೊತ್ತಾಯ್ತದೆ."

"ಅಂಗಡಿ ಮುಚ್ಚಿದೀನಿ ಕಣಯ್ಯ. ಬೇರೆ ಕಡೆ ನೋಡು."

"ನೋಡ್ದೆ ಕಣಮ್ಮ. ನಿನ್ ಅಂಗ್ಡೀಲಿ ಡಬ್ಬ ಕಟ್ಟವ್ರೆ ಅಂತ ಅಂದ್ರು, ಅದ್ಕೇ ಆ ಕಡೆ ಎಲ್ಲಾ ಸುತ್ಕೊಂಡೇ ಬಂದೆ. ಈ ಮಾತ್ರೆ ನಾಳಿದ್ದು ಬತ್ತೈತೆ ಅಂತಾರೆ. ನೆನ್ನೆ ರಾತ್ರೀಗೇ ಮುಗ್ದೋಗೈತೆ ಮನೇಲಿ."

ಅಕ್ಕ ಡಬ್ಬಿಗಳ ಕಡೆ ನೋಡಿದರು. ನಾನು ಬಾಗಿಲಿಗೆ ಬಂದು ನಿಂತಿದ್ದೆ. "ಪಟ್ಟಿ ಕಳಿಸಿ ಆಗಿದೆ ಅಕ್ಕ. ಒಂದು ಕಡಿಮೆಯಾದ್ರೂ ತಾಳೆ ಬರಲ್ಲ" ಅಂದೆ.

"ಬಾವಿಯಿಂದ ನೀರು ಸೇದೋ ಹುಡುಗಿ ಅದು, ಅಲ್ಲೇ ಫಿಟ್ಸ್ ಬಂದ್ರೆ?" ಅಂದರು ಅಕ್ಕ. ಯಾರಿಗೆ ಹೇಳಿದರೋ, ನನಗಂತೂ ಅಲ್ಲ. ಕತ್ತರಿ ತೆಗೆದು ಒಂದು ಡಬ್ಬಿಯ ಟೇಪು ಕತ್ತರಿಸಿದರು. ಒಂದು ಸ್ಟ್ರಿಪ್ ತೆಗೆದು ಯಜಮಾನರ ಕೈಗಿಟ್ಟರು. ದುಡ್ಡು ಬೇಡ, ಬಿಲ್ಲು ಹಾಕಂಗಿಲ್ಲ, ಓಡು ಅಂದರು. ಡಬ್ಬಿಗೆ ಮತ್ತೆ ಟೇಪು ಸುತ್ತಿದರು.

ಮಾರನೆಯ ದಿನವೇ ಇನ್‌ಸ್ಪೆಕ್ಟರ್ ಬಂದ. ಅಷ್ಟು ದಿನ ಬರದವನು ಅವತ್ತೇ ಯಾಕೆ ಬಂದನೋ. ಒಂದೊಂದೇ ಡಬ್ಬಿ ಬಿಚ್ಚಿ ಎಣಿಸಿದ. ಫಿಟ್ಸ್ ಮಾತ್ರೆಯ ಡಬ್ಬಿಗೆ ಬಂದಾಗ ಎರಡು ಸಲ ಎಣಿಸಿದ, ಕರವಸ್ತ್ರದಲ್ಲಿ ಹಣೆ ಒರೆಸಿಕೊಂಡ, ಮೂರನೇ ಸಲ ಎಣಿಸಿದ.

"ಮೇಡಂ, ಒಂದು ಸ್ಟ್ರಿಪ್ ಕಡಿಮೆ ಇದೆ."

"ನಿನ್ನೆ ಕೊಟ್ಟೆ ಸಾರ್. ಚೀಟಿ ಇತ್ತು. ಫಿಟ್ಸ್ ಬರೋ ಹುಡುಗಿಗೆ."

ಹುಡುಗನ ಮುಖ ಸಣ್ಣದಾಯಿತು. ಅವನು ನಿಜಕ್ಕೂ ಒಳ್ಳೆಯವನು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, "ಮೇಡಂ, ಅದನ್ನ ಇಲಿ ತಿಂದುಹೋಯ್ತು ಅಂತ ಒಂದು ಸಾಲು ಬರ್ಕೊಟ್ಟುಬಿಡಿ. ನಾನು ಇವತ್ತೇ ಮುಗಿಸಿಬಿಡ್ತೀನಿ" ಅಂದ.

ಗೋಡೆ ಮೇಲಿನ ಹಲ್ಲಿ ಕೂಡ ಇದೊಂದು ಒಳ್ಳೆಯ ಉಪಾಯ ಎಂದು ಲೊಚಗುಟ್ಟಿತು. ಅಕ್ಕ ಎದ್ದು ನಿಂತರು.

"ನನ್ ಅಂಗಡೀಲಿ ಇಲಿ ಇಲ್ಲ."

"ಇಲ್ಲ ಅಂತ ಗೊತ್ತು ಮೇಡಂ. ಬರೆಯೋದಕ್ಕೆ ಅಷ್ಟೇ."

"ಇಷ್ಟು ವರ್ಷದಲ್ಲಿ ಒಂದು ಇಲಿ ನನ್ನ ಕಪಾಟು ಹತ್ತಿಲ್ಲ. ಹೋಗೋ ಕಾಲಕ್ಕೆ ಇಲಿ ಇದ್ವು ಅಂತ ನನ್ ಕೈಯಾರೆ ಬರ್ಕೊಡ್ಲಾ? ಔಷಧಿ ಅಂಗಡೀರಿ ಇದು. ಬೇಕಾದ್ರೆ ಕಳ್ಳೀ ಅಂತ ಬರ್ಕೊಳಿ, ರುಜು ಹಾಕ್ತೀನಿ."

ನಾನು ಕೈ ಮುಗಿದೆ. ಹುಡುಗ ಕೈ ಮುಗಿದ. ಒಂದು ಸಣ್ಣ ಇಲಿ ಅಂತ ಬರೆಯೋಣ, ಬೇರೆ ಕಡೆಯಿಂದ ಬಂದ ಇಲಿ ಅಂತ ಬರೆಯೋಣ, ಪಕ್ಕದ ಕನ್ನಡಕದ ಅಂಗಡಿಯ ಇಲಿ ಅಂತಲಾದರೂ ಬರೆಯೋಣ ಎಂದು ನಾನೇ ನನ್ನ ಮಾನ ಒತ್ತೆಯಿಟ್ಟೆ. ಅಕ್ಕ ಜಗ್ಗಲಿಲ್ಲ. ಕೊನೆಗೆ ಹುಡುಗ ಉಳಿದ ಒಂದೇ ದಾರಿ ಹೇಳಿದ. ಮುಚ್ಚುವ ಅರ್ಜಿಯನ್ನು ಹಿಂದಕ್ಕೆ ಪಡೆಯಬೇಕು. ಆಗ ಲೈಸೆನ್ಸ್ ಜೀವಂತವಾಗುತ್ತದೆ. ಅಂಗಡಿಯನ್ನು ನಿಯಮದ ಪ್ರಕಾರ ತೆರೆದು, ಆ ಒಂದು ಸ್ಟ್ರಿಪ್ಪನ್ನು ಬಿಲ್ಲು ಹಾಕಿ ಮಾರಿ, ಮುಚ್ಚುವುದಕ್ಕೆ ಹೊಸ ಅರ್ಜಿ ಕೊಡಬೇಕು.

ಆಗಲೇ ರಾಜೀನಾಮೆ ಕೊಟ್ಟಿದ್ದ ಫಾರ್ಮಸಿಸ್ಟನ್ನು ಮಾಲೀಕರು ಮತ್ತೆ ಕೆಲಸಕ್ಕೆ ತೆಗೆದುಕೊಂಡ ಪತ್ರವನ್ನೂ ನಾನೇ ಬರೆದೆ. "ಸಂಬಳ ಜಾಸ್ತಿ ಕೇಳ್ಬೇಕಿತ್ತು" ಅಂದರು ಅಕ್ಕ.

"ಅಂಗಡಿ ಮುಚ್ಚಿದೆ" ಎಂಬ ರಟ್ಟು ತೆಗೆದ ಬೆಳಿಗ್ಗೆ ಸುದ್ದಿ ಆಟೋ ಸ್ಟ್ಯಾಂಡಿಗೆ ಹೇಗೆ ಮುಟ್ಟಿತೋ ದೇವರೇ ಬಲ್ಲ. ಅಕ್ಕ ಮತ್ತೆ ಅಂಗಡಿ ತೆರೆದರಂತೆ! ಹೂವಿನಮ್ಮ ಬಂದು ಬಾಗಿಲಿಗೆ ಸೇವಂತಿಗೆ ಹಾರ ಕಟ್ಟಿದಳು. ಆಟೋದವರು ಕಾಯಿ ಒಡೆದರು. ಯಾರೋ ಮೈಸೂರುಪಾಕು ಹಂಚಿದರು, ಹೂವಿನಮ್ಮನ ಕೈಯಿಂದ ಅದನ್ನು ಅಕ್ಕ ಕಿತ್ತುಕೊಂಡರು. ನಮ್ಮ ವಾರ್ಡಿನ ಸದಸ್ಯರು ಶಾಲು ಹಿಡಿದು ಬಂದೇಬಿಟ್ಟರು.

"ಬ್ಯಾಡ ಕಣಪ್ಪ" ಅಂದರು ಅಕ್ಕ. "ಒಂದು ಸ್ಟ್ರಿಪ್ ಮಾರ್ತೀನಿ. ಮುಚ್ತೀನಿ. ಅಷ್ಟೇ."

"ಚಿಕ್ಕದಾಗಿ ಶುರು ಮಾಡ್ಬೇಕು ಅಕ್ಕ" ಎಂದು ಅವರು ಶಾಲು ಹೊದಿಸಿದರು. ಈ ಮಳಿಗೆ ಹೆಮ್ಮರವಾಗಿ ಬೆಳೆಯಲಿ, ಪಾವಗಡ ಕೊರಟಗೆರೆಗಳಲ್ಲೂ ಶಾಖೆಗಳಾಗಲಿ ಎಂದು ಭಾಷಣ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಶಾಲಿನೊಳಗೆ ಬೆವರುತ್ತಾ ರಸ್ತೆಯನ್ನೇ ನೋಡುತ್ತಿದ್ದರು. ಬರಬೇಕೆಂದು ಹೇಳಿಕಳಿಸಿದ್ದವರು ಇನ್ನೂ ಬಂದಿರಲಿಲ್ಲ.

ಕುರಿಯ ಯಜಮಾನರು ಬಂದಾಗ ಹೊತ್ತು ನೆತ್ತಿಗೆ ಬಂದಿತ್ತು. ಜೊತೆಗೆ ಮಗಳೂ ಇದ್ದಳು. ಎತ್ತರದ ಹುಡುಗಿ, ಸೆರಗಿನಲ್ಲಿ ಅವರೆಕಾಯಿ ಕಟ್ಟಿಕೊಂಡು ಬಂದಿದ್ದಳು. ಅಷ್ಟು ವರ್ಷ ಅವಳ ಮಾತ್ರೆ ಕೊಟ್ಟಿದ್ದರೂ ಅಕ್ಕ ಅವಳನ್ನು ನೋಡಿದ್ದು ಅವತ್ತೇ ಮೊದಲು.

"ಬಾರಯ್ಯ, ಮಾತ್ರೆ ಮಾರ್ತೀನಿ."

ಯಜಮಾನರು ಕೈ ಚಾಚಿದರು.

"ಮಾತ್ರೆ ಇಲ್ಲ. ಅವತ್ತು ಕೊಟ್ಟಾಗೈತೆ."

"ಮತ್ತೆ ಇವತ್ತು?"

"ಇವತ್ತು ಮಾರೋದು."

"ಓಹೋ" ಅಂದರು ಯಜಮಾನರು. ಅರ್ಥವಾಗಲಿಲ್ಲ. ಆದರೂ ದೇವಸ್ಥಾನದಲ್ಲಿ ನಿಂತವರಂತೆ ವಿನಯದಿಂದ ದುಡ್ಡು ಕೊಟ್ಟು ಬಿಲ್ಲು ಇಸಿದುಕೊಂಡರು. ಅಕ್ಕ ಆ ಹುಡುಗಿಯ ಕೈ ಹಿಡಿದು ಕೌಂಟರಿನ ಒಳಗೆ ಕರೆದರು. ಇನ್ನು ಮುಂದೆ ಮಾತ್ರೆ ಸಿಗುವ ಅಂಗಡಿ ಯಾವುದು, ಅವರಿಗೆ ಮೊದಲೇ ಹೇಳಿಟ್ಟಿದ್ದೇನೆ, ಮುಗಿಯುವುದಕ್ಕೆ ವಾರ ಇರುವಾಗಲೇ ಹೋಗಬೇಕು, ಒಂದು ದಿನವೂ ತಪ್ಪಿಸಬಾರದು ಎಂದು ಹೇಳಿದರು. ಹೇಳುವಾಗ ದನಿಯಲ್ಲಿ ಜೋರೇ ಇರಲಿಲ್ಲ. ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡು, "ನೀವು ಬಯ್ತೀರ ಅಂತ ಅಪ್ಪ ಅಂದಿದ್ದ" ಅಂದಳು.

"ತಪ್ಸಿ ನೋಡು, ಬಯ್ತೀನಿ" ಅಂದರು ಅಕ್ಕ.

ಈ ಸಲ ತಾಳೆ ಬಂತು. ಡಬ್ಬಿಗಳು ವ್ಯಾನು ಹತ್ತಿದವು, ಬೋರ್ಡು ಇಳಿಯಿತು, ಶಟರ್ ಎಳೆದು ಬೀಗ ಹಾಕಿದೆವು. ಇನ್ನು ಕಚೇರಿಯಿಂದ ಪತ್ರ ಬಂದರೆ ಮುಗಿಯಿತು.

ಪತ್ರ ಬರಲಿಲ್ಲ. ಕೆಲವು ವಾರದ ಮೇಲೆ ಅಕ್ಕನ ಮನೆಗೆ ನೋಟೀಸು ಬಂತು. ನನ್ನ ಅಂಗಡಿಗೆ ತಂದು ಬಿಸಾಕಿದರು. ನಡೆದದ್ದು ಇಷ್ಟು. ಅಂಗಡಿ ಮುಚ್ಚಿದೆ ಎಂದು ದೃಢೀಕರಿಸುವ ಪತ್ರವನ್ನು ಕಚೇರಿಯವರು ಅಂಗಡಿಯ ವಿಳಾಸಕ್ಕೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ್ದರು. ಪೋಸ್ಟಿನವರು ಬಂದು ನೋಡಿ, "ಅಂಗಡಿ ಮುಚ್ಚಿದೆ" ಎಂದು ಅದರ ಮೇಲೆ ಬರೆದು ವಾಪಸು ಕಳಿಸಿದ್ದರು. ಅದನ್ನು ನೋಡಿದ ಕಚೇರಿಯ ಇನ್ನೊಂದು ಮೇಜಿನವರು, ದೃಢೀಕರಣ ಪತ್ರ ತಲುಪುವ ಮುನ್ನವೇ ಅಂಗಡಿಯನ್ನು ಮುಚ್ಚಿರುವುದು ಕಂಡುಬಂದಿದೆ, ಕಾರಣ ತಿಳಿಸಿ ಎಂದು ಕೇಳಿದ್ದರು.

"ಬರಿ" ಅಂದರು ಅಕ್ಕ.

ಪೆನ್ನು ತೆಗೆದೆ.

"ಅಂಗಡಿ ಮುಚ್ಚಿದ್ದರಿಂದ ಅಂಗಡಿ ಮುಚ್ಚಿತ್ತು."

"ಇನ್ನೇನಾದ್ರೂ?"

"ಇಲಿ ಇರಲಿಲ್ಲ ಅಂತ ಸೇರ್ಸು."

ಆ ಉತ್ತರವನ್ನು ಯಾರು ಓದಿದರೋ, ಏನಾಯಿತೋ, ಒಂದು ಭಾನುವಾರ ಇನ್‌ಸ್ಪೆಕ್ಟರ್ ಹುಡುಗ ಪತ್ರವನ್ನು ತಾನೇ ಹಿಡಿದುಕೊಂಡು ಅಕ್ಕನ ಮನೆಗೆ ಬಂದ. ಭಾನುವಾರ ಕಚೇರಿಯ ಕೆಲಸವಲ್ಲ. ಪಾಪ, ಅವನಿಗೂ ಇದು ಮುಗಿಯಬೇಕಿತ್ತು. ಅಕ್ಕ ನನ್ನನ್ನೂ ಊಟಕ್ಕೆ ಕರೆದಿದ್ದರು. ಹುಡುಗ ಪತ್ರ ಕೊಟ್ಟು ರುಜು ಹಾಕಿಸಿಕೊಂಡ. ಏಳುವಾಗ ಹೊಟ್ಟೆ ಹಿಡಿದುಕೊಂಡು, ಸಂಕೋಚದಿಂದ ಕೇಳಿದ.

"ಮೇಡಂ, ಬೆಳಿಗ್ಗೆಯಿಂದ ಒಂದೇ ಸಮ ಎದೆ ಉರಿ. ಗ್ಯಾಸ್ಟ್ರಿಕ್ ಮಾತ್ರೆ ಏನಾದ್ರೂ ಇದ್ಯಾ?"

ಅಕ್ಕ ಕೈಲಿದ್ದ ಪತ್ರವನ್ನು ಎತ್ತಿ ಅವನ ಮುಖದ ಮುಂದೆ ಹಿಡಿದರು. "ಇದನ್ನ ತಂದ್ಕೊಟ್ಟೋರೇ ನೀವಲ್ವಾ ಸಾರ್?" ಆಮೇಲೆ ಒಳಗೆ ಹೋಗಿ ದೊಡ್ಡ ಲೋಟದಲ್ಲಿ ಜೀರಿಗೆ ಮಜ್ಜಿಗೆ ತಂದುಕೊಟ್ಟರು. "ಕುಡೀರಿ, ಮಜ್ಜಿಗೆಗೆ ಇನ್ನೂ ಲೈಸೆನ್ಸ್ ಮಾಡಿಲ್ಲ."

ಅವನು ಕುಡಿದು, ತೇಗಿ, ನಗುತ್ತಾ ಹೋದ. ಬೈಕಿನ ಸದ್ದು ಬೀದಿಯ ಕೊನೆ ಮುಟ್ಟುವವರೆಗೆ ಅಕ್ಕ ಬಾಗಿಲಲ್ಲೇ ನಿಂತಿದ್ದರು. ಬಂದು ಪತ್ರವನ್ನು ನನ್ನ ಕೈಗೆ ಕೊಟ್ಟು, ಓದು ಅಂದರು.

ಓದಿದೆ. ಎಲ್ಲ ಪತ್ರಗಳಂತೆಯೇ ಇತ್ತು. ಉಲ್ಲೇಖ, ವಿಷಯ, ಮೇಲ್ಕಂಡಂತೆ. ಕೊನೆಗೆ ಒಂದು ಸಾಲು: "ಸದರಿ ಔಷಧ ಮಳಿಗೆಯು ಇನ್ನು ಮುಂದೆ ಅಸ್ತಿತ್ವದಲ್ಲಿ ಇರುವುದಿಲ್ಲ."

"ಅದೊಂದನ್ನ ಇನ್ನೊಂದ್ಸಲ ಓದು."

ಇನ್ನೊಂದು ಸಲ ಓದಿದೆ.

ಅಕ್ಕ ಕಂಬಕ್ಕೆ ಒರಗಿ ಕೂತರು. "ಈ ಕಾಗದಕ್ಕೆ ಎಷ್ಟು ಬಡ್ಕೊಂಡೆ. ಬಂದ್ಮೇಲೆ ನೋಡು, ಯಾರೋ ಹೋದಂಗಾಯ್ತಲ್ಲೋ." ಅಳಲಿಲ್ಲ. ಮಂಡಿ ಹಿಡಿದು ಎದ್ದರು. "ಲಿಂಗ ಕಟ್ಕೊಂಡ ನಮ್ಮೋರಿಗೆ ಸೂತಕ ಗೀತಕ ಏನೂ ಇಲ್ಲ ಅಂತಾರೆ. ಆದ್ರೂ ತಲೆ ಮೇಲೆ ಒಂದೆರಡು ಚೊಂಬು ಹಾಕ್ಕೊಂಡು ಬತ್ತೀನಿ, ಇರು."

ಹಿತ್ತಲಿನಿಂದ ನೀರು ಸುರಿಯುವ ಸದ್ದು ಒಂದೆರಡು ಚೊಂಬಿಗೆ ನಿಲ್ಲಲಿಲ್ಲ. ಬಂದಾಗ ಕೂದಲಿಗೆ ಟವೆಲು ಸುತ್ತಿಕೊಂಡು, ಹಣೆಗೆ ಹೊಸದಾಗಿ ವಿಭೂತಿ ಇಟ್ಟುಕೊಂಡಿದ್ದರು. ಕಣ್ಣು ಕೆಂಪಗಿತ್ತು, ಸೋಪು ಹೋಗಿತ್ತು ಅಂದರು. ತಟ್ಟೆ ಹಾಕಿ ಮುದ್ದೆ ಇಟ್ಟರು. ನಾನು ಕೂರಲು ಹೋದಾಗ ತಡೆದರು.

"ಕೈಕಾಲು ತೊಳ್ಕೊಂಡು ಬಾ. ಪಕ್ಕದೋನಿಗೂ ಅಂಟ್ತದೆ ಇದು."

ನಾನು ಹಿತ್ತಲಿಗೆ ಹೋದೆ. ಕೈಕಾಲಿಗೆ ಅಂತ ತುಂಬಿಕೊಂಡ ಚೊಂಬನ್ನು, ಷರ್ಟು ತೆಗೆದು ಗೂಟಕ್ಕೆ ಸಿಕ್ಕಿಸಿ, ತಲೆ ಮೇಲೆ ಸುರಿದುಕೊಂಡೆ.